ಡಿಸ್ಕ್ ಆಪರೇಷನ್‌ನಲ್ಲಿ ಡಿಸ್ಕ್ ರಿಪೇರಿ ಆಗುತ್ತದಾ? ಏಳು ವಾರದಿಂದ ಕಾಲುನೋವು, ತೀರ್ಮಾನ ಮಾಡಲಾಗುತ್ತಿಲ್ಲ

ನಿದ್ದೆಗೆಟ್ಟವ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ನಿಮ್ಮ ಮಾತುಗಳನ್ನು ಸುಮ್ನೆ ಓದಿಕೊಂಡಿದ್ದೆ. ಈಗ ಕೇಳದೆ ಗತಿಯಿಲ್ಲ.

ವಯಸ್ಸು 38. ಏಳು ವಾರದ ಹಿಂದೆ ಶೂ ಲೇಸ್ ಕಟ್ಟಲು ಬಗ್ಗಿದೆ. ಭಾರ ಎತ್ತಿರಲಿಲ್ಲ, ಎಲ್ಲೂ ಬಿದ್ದಿರಲಿಲ್ಲ. ಸೊಂಟದಲ್ಲಿ ಚಳಕ್ ಎಂದಿತು. ಮೂರನೇ ದಿನಕ್ಕೆ ಸೊಂಟ ನೋವು ಹೆಚ್ಚುಕಮ್ಮಿ ಹೋಯಿತು. ನನಗೆ ಖುಷಿಯಾಯಿತು. ನಾಲ್ಕನೇ ದಿನ ಅದು ಬಲಗಾಲಿಗೆ ಇಳಿಯಿತು. ಪಿರ್ರೆಯಿಂದ ಶುರುವಾಗಿ ತೊಡೆಯ ಹಿಂಭಾಗ, ಮೀನಖಂಡ, ಕಿರುಬೆರಳವರೆಗೆ ಕಾದ ತಂತಿ ಎಳೆದ ಹಾಗೆ. ಕೂತರೆ ಜಾಸ್ತಿ. ಸೀನು ಬಂದರೆ ಗೋಡೆ ಹಿಡಿದುಕೊಳ್ಳುತ್ತೇನೆ. ರಾತ್ರಿ ಮಲಗುವುದು ನೆಲದ ಮೇಲೆ, ಮೊಣಕಾಲ ಕೆಳಗೆ ಎರಡು ದಿಂಬು ಇಟ್ಟುಕೊಂಡು.

ಎಂಆರ್‌ಐಯಲ್ಲಿ ಎಲ್5-ಎಸ್1 ಡಿಸ್ಕ್ (ಸೊಂಟದ ಕೊನೆಯ ಮಣಿಗೂ ಅದರ ಕೆಳಗಿನ ತ್ರಿಕಾಸ್ಥಿ ಮೂಳೆಗೂ ನಡುವಿನ ಮೆತ್ತೆ) ಹರಿದು ಬಲಕ್ಕೆ ಹೊರಬಂದಿದೆ, ಎಸ್1 ನರವನ್ನು ಒತ್ತಿದೆ ಎಂದು ಬರೆದಿದ್ದಾರೆ. ಮೊದಲನೇ ಡಾಕ್ಟರು ಆಪರೇಷನ್ ಮಾಡಿಸಿ ಎಂದರು. ಎರಡನೆಯವರು ಇನ್ನೂ ಕಾಯಿರಿ ಎಂದರು. ಮೂರನೆಯವರು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ನೋಡೋಣ ಎಂದರು. ಮೂವರೂ ಒಳ್ಳೆಯವರೇ, ಅದೇ ತೊಂದರೆ.

ಕೇಳಬೇಕಾದ್ದು ಒಂದೇ. ಆಪರೇಷನ್ ಮಾಡಿಸಿದರೆ ಡಿಸ್ಕ್ ಮೊದಲಿನ ಹಾಗೆ ಆಗುತ್ತದಾ?

ಕೊಯ್ಸಿಕೊಂಡವ

ಇಲ್ಲ ಸರ್. ನಾನು ಮಾಡಿಸಿಕೊಂಡು ಆರು ವರ್ಷ ಆಯಿತು, ಚೆನ್ನಾಗಿದ್ದೇನೆ. ಆದರೂ ಇಲ್ಲ ಎಂದೇ ಹೇಳುತ್ತೇನೆ.

ನನಗೂ ಅದೇ ಭ್ರಮೆ ಇತ್ತು. ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕಿದ ಹಾಗೆ ತೂತು ಮುಚ್ಚುತ್ತಾರೆ, ಹೊರಬಂದದ್ದನ್ನು ಒಳಗೆ ತಳ್ಳುತ್ತಾರೆ ಎಂದುಕೊಂಡಿದ್ದೆ. ಹಾಗೇನೂ ಇಲ್ಲ. ಡಿಸ್ಕ್‌ನ ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ಮೆತ್ತನೆಯ ತಿರುಳು. ಉಂಗುರ ಹರಿದು ತಿರುಳು ಹೊರಬಂದು ನರದ ಮೇಲೆ ಕೂತಿರುತ್ತದೆ. ಆಪರೇಷನ್‌ನಲ್ಲಿ ಆ ಹೊರಬಂದ ತುಂಡನ್ನು ಕಿತ್ತು ತೆಗೆಯುತ್ತಾರೆ. ಜೊತೆಗೆ ಒಳಗೆ ಸಡಿಲವಾಗಿರುವ ಚೂರುಗಳಿದ್ದರೆ ಅವನ್ನೂ. ಅಷ್ಟೇ. ಹರಿದ ಉಂಗುರವನ್ನು ಸಾಮಾನ್ಯವಾಗಿ ಹೊಲಿಯುವುದೂ ಇಲ್ಲ. ಅದು ತಾನಾಗಿ ಗಾಯದ ಅಂಗಾಂಶ ಕಟ್ಟಿಕೊಂಡು ಮುಚ್ಚಿಕೊಳ್ಳಬೇಕು. ದೊಡ್ಡವರ ಡಿಸ್ಕ್‌ಗೆ ನೇರವಾಗಿ ರಕ್ತ ಹರಿಯುವುದಿಲ್ಲ ಬಹುತೇಕ, ಹಾಗಾಗಿ ಅದು ನಿಧಾನ, ಮೊದಲಿನಷ್ಟು ಗಟ್ಟಿಯೂ ಅಲ್ಲ.

ರಿಪೇರಿ ಅಂತ ಏನಾದರೂ ಆಗುವುದಿದ್ದರೆ ಅದು ನರಕ್ಕೆ. ಅದಕ್ಕೇ ಹೋದದ್ದು ಕಾಲುನೋವು. ಸೊಂಟ ಈಗಲೂ ದೂರದ ಪ್ರಯಾಣ ಮಾಡಿದರೆ ಹಿಡಿದುಕೊಳ್ಳುತ್ತದೆ.

ಫಿಸಿಯೋ ಅಕ್ಕ

ಆಪರೇಷನ್ ಬೇಕಾ ಬೇಡವಾ ಎಂಬುದು ಆಮೇಲೆ. ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ ತಮ್ಮ.

ಒಂದೇ ಕಾಲಿನ ತುದಿಗಾಲಲ್ಲಿ ಎಷ್ಟು ಸಲ ಏಳುತ್ತೀರಿ? ಗೋಡೆ ಮುಟ್ಟಿಕೊಂಡು ಎರಡೂ ಕಾಲಿನಲ್ಲಿ ಬೇರೆ ಬೇರೆಯಾಗಿ ಮಾಡಿ, ಲೆಕ್ಕ ಹಾಕಿ. ಹಿಮ್ಮಡಿ ಮೇಲೆ ನಡೆಯಲು ಆಗುತ್ತದಾ? ಮೂತ್ರ ಮೊದಲಿನ ಹಾಗೇ ಬರುತ್ತಿದೆಯಾ, ಬಂದದ್ದು ಗೊತ್ತಾಗುತ್ತಿದೆಯಾ? ಕೂತಾಗ ಸೀಟಿಗೆ ತಾಗುವ ಜಾಗದಲ್ಲಿ, ತೊಡೆಗಳ ನಡುವೆ, ಒರೆಸಿಕೊಳ್ಳುವಾಗ ಸ್ಪರ್ಶ ಸರಿಯಾಗಿದೆಯಾ?

ಕೊನೆಯ ಎರಡನ್ನು ಯಾರೂ ನಾಚಿಕೆಯಿಂದ ಹೇಳುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ನಿದ್ದೆಗೆಟ್ಟವ

ಮೂತ್ರ, ಸ್ಪರ್ಶ ಎರಡೂ ಸರಿ ಇವೆ. ಹಿಮ್ಮಡಿ ನಡಿಗೆ ಆಗುತ್ತದೆ. ಎಡಗಾಲಿನ ತುದಿಗಾಲಲ್ಲಿ 22 ಸಲ ಎದ್ದು ಸಾಕೆನಿಸಿ ನಿಲ್ಲಿಸಿದೆ. ಬಲಗಾಲಿನಲ್ಲಿ ಒಂದು ಸಲವೂ ಪೂರ್ತಿ ಆಗಲಿಲ್ಲ. ಹಿಮ್ಮಡಿ ಸ್ವಲ್ಪ ಎದ್ದು ಕುಸಿಯಿತು. ನೋವಿನಿಂದ ಅಲ್ಲ. ಬಲವೇ ಇಲ್ಲ. ಇದು ನನಗೆ ಈವರೆಗೆ ಗೊತ್ತೇ ಇರಲಿಲ್ಲ, ಸ್ವಲ್ಪ ಗಾಬರಿಯಾಯಿತು.

ಫಿಸಿಯೋ ಅಕ್ಕ

ಗಾಬರಿ ಬೇಡ, ಆದರೆ ಇದನ್ನು ಡಾಕ್ಟರಿಗೆ ಇದೇ ವಾರ ಹೇಳಿ. ಮೀನಖಂಡಕ್ಕೆ ಬಲ ಕೊಡುವುದು ಮುಖ್ಯವಾಗಿ ಎಸ್1 ನರ. ಅದು ಒತ್ತಿದರೆ ತುದಿಗಾಲು ಸೋಲುತ್ತದೆ, ಹಿಮ್ಮಡಿ ಮೇಲೆ ಸುತ್ತಿಗೆ ತಟ್ಟಿದಾಗ ಪಾದ ಹಾರುವುದಿಲ್ಲ, ಪಾದದ ಹೊರ ಅಂಚು ಮರಗಟ್ಟುತ್ತದೆ. ಒಂದು ಮಹಡಿ ಮೇಲೆ, ಅಂದರೆ ಅದರ ಮೇಲಿನ ಡಿಸ್ಕ್ ಎಲ್4-ಎಲ್5ರಲ್ಲಿ ಆಗಿದ್ದರೆ ಸಾಮಾನ್ಯವಾಗಿ ಎಲ್5 ನರ ಸಿಕ್ಕಿಕೊಳ್ಳುತ್ತದೆ. ಆಗ ಕಾಲಿನ ಹೆಬ್ಬೆರಳು ಮೇಲೆತ್ತಲು ಆಗದು, ಹಿಮ್ಮಡಿ ನಡಿಗೆ ತಪ್ಪುತ್ತದೆ. ಸೊಂಟದ ಡಿಸ್ಕ್ ತೊಂದರೆಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಈ ಎರಡು ಮಹಡಿಗಳಲ್ಲೇ.

ನಿಮ್ಮ ಎಂಆರ್‌ಐ ಹೇಳುವುದೂ, ನೋವಿನ ದಾರಿಯೂ, ಸೋತ ಸ್ನಾಯುವೂ ಒಂದೇ ನರವನ್ನು ತೋರಿಸುತ್ತಿವೆ. ಇಷ್ಟು ಹೊಂದಾಣಿಕೆ ಎಲ್ಲರಿಗೂ ಸಿಗುವುದಿಲ್ಲ. ಬರೀ ಸೊಂಟನೋವು, ಎಂಆರ್‌ಐಯಲ್ಲಿ ಎಲ್ಲೋ ಒಂದು ಉಬ್ಬು ಎಂದು ಆಪರೇಷನ್‌ಗೆ ಹೊರಡುವವರನ್ನು ನಾನು ತಡೆದು ಕೂರಿಸುತ್ತೇನೆ.

ಕತ್ತಿ ಬೇಡ

ನಾನು ಬೇರೆ ಮಾತು ಹೇಳುತ್ತೇನೆ. ನನಗೂ ಎಲ್5-ಎಸ್1. ರಿಪೋರ್ಟ್ ಓದಿ ಮನೆಯವರು ಅತ್ತುಬಿಟ್ಟಿದ್ದರು. ಆಪರೇಷನ್‌ಗೆ ತಾರೀಖೂ ಕೊಟ್ಟಾಗಿತ್ತು. ಹೋಗಲಿಲ್ಲ. ಹನ್ನೊಂದನೇ ವಾರ ನೋವು ಇಳಿಯತೊಡಗಿತು. ಒಂಬತ್ತು ತಿಂಗಳಿಗೆ ಮತ್ತೆ ಎಂಆರ್‌ಐ ಮಾಡಿಸಿದೆ. ತುಂಡು ಮಾಯ! ಯಾರೂ ತೆಗೆದದ್ದಲ್ಲ. ದೇಹವೇ ತಿಂದುಹಾಕಿತ್ತು.

ಕಾಯುವುದಕ್ಕೆ ಧೈರ್ಯ ಬೇಕು. ಕೊಯ್ಯುವವರಿಗೆ ಕೊಯ್ಯುವುದೇ ಕೆಲಸ ಅಲ್ವಾ?

ಪುಸ್ತಕದ ಹುಳು

ಕತ್ತಿ ಬೇಡ ಅವರು ಹೇಳಿದ್ದು ಪವಾಡವಲ್ಲ, ಮಾಮೂಲು. ತಿರುಳು ಉಂಗುರದೊಳಗೆ ಇರುವವರೆಗೆ ನಮ್ಮ ರೋಗನಿರೋಧಕ ವ್ಯವಸ್ಥೆಗೆ ಅದರ ಗುರುತೇ ಇರುವುದಿಲ್ಲ. ಹೊರಗೆ ಬಿದ್ದರೆ ಪರಕೀಯ ಎಂದುಕೊಂಡು ಮೇಲೆ ಬೀಳುತ್ತದೆ. ಹೊಸ ರಕ್ತನಾಳಗಳು ಬರುತ್ತವೆ, ಕಸ ತಿನ್ನುವ ಜೀವಕೋಶಗಳು ಬರುತ್ತವೆ. 2015ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ, ಪೂರ್ತಿ ಕಳಚಿ ಬಿದ್ದ ತುಂಡುಗಳು ಕುಗ್ಗಿದ ಪ್ರಮಾಣ ಶೇ. 96. ಹರಿದು ಹೊರಬಂದರೂ ಕಳಚದೆ ಇದ್ದವು ಶೇ. 70. ಸುಮ್ನೆ ಉಬ್ಬಿದ ಡಿಸ್ಕ್ ಶೇ. 13 ಮಾತ್ರ. ರಿಪೋರ್ಟಿನಲ್ಲಿ ಎಲ್ಲಕ್ಕಿಂತ ಭಯಂಕರವಾಗಿ ಕಾಣುವುದೇ ಬೇಗ ಕರಗುತ್ತದೆ. ವಿಚಿತ್ರ, ಆದರೆ ನಿಜ.

ಇನ್ನೊಂದು. ಅದೇ 2015ರಲ್ಲಿ ಬೆನ್ನುನೋವೇ ಇಲ್ಲದ 3110 ಜನರ ಸ್ಕ್ಯಾನ್‌ಗಳ ಲೆಕ್ಕವೂ ಬಂತು. ನೋವಿಲ್ಲದ 20ರ ವಯಸ್ಸಿನವರಲ್ಲೇ ಶೇ. 30 ಮಂದಿಗೆ ಡಿಸ್ಕ್ ಉಬ್ಬಿತ್ತು. 80ರ ವಯಸ್ಸಿನವರಲ್ಲಿ ಶೇ. 84. ಹಾಗಾಗಿ ಚಿತ್ರಕ್ಕೆ ಆಪರೇಷನ್ ಮಾಡಬಾರದು, ಮನುಷ್ಯನಿಗೆ ಮಾಡಬೇಕು.

ಆದರೆ ಕತ್ತಿ ಬೇಡ ಅವರ ಕೊನೆಯ ಸಾಲು ಒಪ್ಪುವುದಿಲ್ಲ. ಕಾಯುವುದೂ ಪುಕ್ಕಟೆ ಅಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 6ರಿಂದ 12 ವಾರ ತೀವ್ರ ಕಾಲುನೋವು ಅನುಭವಿಸಿದ 283 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಬೇಗ ಆಪರೇಷನ್. ಇನ್ನೊಂದಕ್ಕೆ ಕಾಯುವುದು, ತಡೆಯದಿದ್ದರೆ ಆಮೇಲೆ ಆಪರೇಷನ್. ಫಲಿತಾಂಶ 2007ರಲ್ಲಿ ಬಂತು. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇ. 95 ಜನ ಚೇತರಿಸಿಕೊಂಡಿದ್ದರು. ವ್ಯತ್ಯಾಸ ಇದ್ದದ್ದು ವೇಗದಲ್ಲಿ. ಬೇಗ ಮಾಡಿಸಿದವರಲ್ಲಿ ಅರ್ಧ ಮಂದಿ 4 ವಾರದೊಳಗೆ ಗುಣವಾದರೆ, ಕಾದವರಿಗೆ ಅಷ್ಟಕ್ಕೆ 12 ವಾರ ಹಿಡಿಯಿತು. ಮತ್ತೆ, ಕಾಯುವ ಗುಂಪಿನಲ್ಲೂ ಶೇ. 39 ಜನ ಕೊನೆಗೆ ಟೇಬಲ್ ಮೇಲೆ ಮಲಗಿದರು.

ಕತ್ತಿ ಬೇಡ

ಅಂದರೆ ಶೇ. 61 ಜನ ಮಲಗಲಿಲ್ಲ. ನಾನು ಹೇಳಿದ್ದೂ ಅದನ್ನೇ.

ಪುಸ್ತಕದ ಹುಳು

ಅದೂ ಸರಿ. ಆದರೆ ಎಷ್ಟು ದಿನ ಕಾಯುವುದು ಎಂಬುದಕ್ಕೂ ಮಿತಿ ಇದೆ. 2020ರಲ್ಲಿ ಕೆನಡಾದ ಒಂದು ಅಧ್ಯಯನ ಬಂತು. ನೋವು 4ರಿಂದ 12 ತಿಂಗಳು ಎಳೆದಿದ್ದ 128 ಜನ. ಇಷ್ಟು ದಿನ ಹೋಗದ ನೋವು ಇನ್ನು ತಾನಾಗಿ ಹೋಗುತ್ತದಾ ಎಂಬುದೇ ಪ್ರಶ್ನೆ. ಆರು ತಿಂಗಳ ಬಳಿಕ ಹತ್ತಕ್ಕೆ ಅಂಕ ಕೊಡಿ ಎಂದಾಗ, ಆಪರೇಷನ್ ಗುಂಪಿನ ಕಾಲುನೋವು ಸರಾಸರಿ 2.8, ಉಳಿದವರದ್ದು 5.2. ಎರಡೂ ಗುಂಪು ಶುರು ಮಾಡಿದ್ದು 8ರ ಆಸುಪಾಸಿನಿಂದ.

ಈ ಅಧ್ಯಯನಗಳಲ್ಲೆಲ್ಲ ಒಂದು ತೊಡಕು ಇದೆ. ಜನ ಚೀಟಿಯ ಮಾತು ಕೇಳುವುದಿಲ್ಲ! ಅಮೆರಿಕದ ದೊಡ್ಡ ಅಧ್ಯಯನದಲ್ಲಿ (ಫಲಿತಾಂಶ 2006) ಆಪರೇಷನ್ ಚೀಟಿ ಬಂದವರಲ್ಲಿ ಮೂರು ತಿಂಗಳೊಳಗೆ ಅರ್ಧ ಮಂದಿ ಮಾತ್ರ ಮಾಡಿಸಿಕೊಂಡರು. ಬೇಡ ಎಂಬ ಚೀಟಿ ಬಂದವರಲ್ಲಿ ಶೇ. 30 ಜನ ಅಷ್ಟರೊಳಗೆ ಮಾಡಿಸಿಕೊಂಡುಬಿಟ್ಟರು. ತಪ್ಪು ಅವರದಲ್ಲ. ನೋವು ಕಡಿಮೆಯಾದವನು ಯಾಕೆ ಕೊಯ್ಸಿಕೊಳ್ಳುತ್ತಾನೆ, ತಡೆಯಲಾರದವನು ಯಾಕೆ ಕಾಯುತ್ತಾನೆ? ಆದರೆ ಹೀಗೆ ಕಲಸಿಹೋದ ಮೇಲೆ ಯಾರು ಗೆದ್ದರು ಎಂದು ಖಂಡಿತವಾಗಿ ಹೇಳುವುದು ಕಷ್ಟ.

ಫಿಸಿಯೋ ಅಕ್ಕ

ಹುಳು ಅವರೇ, ಈ ಅಂಕಿಗಳಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಇವೆಲ್ಲ ಮುಖ್ಯವಾಗಿ ನೋವಿನ ಲೆಕ್ಕ. ಬಲ ದಿನದಿನಕ್ಕೆ ಇಳಿಯುತ್ತಿರುವವರು, ಮೂತ್ರ ಕಟ್ಟಿದವರು ಈ ಚೀಟಿ ಎತ್ತುವ ಆಟಕ್ಕೆ ಸೇರುವುದಿಲ್ಲ. ಅವರಿಗೆ ಕಾಯಿರಿ ಎಂದು ಯಾರೂ ಹೇಳುವುದಿಲ್ಲ.

ತಡವಾಗಿ ಬಂದವಳು

ಅಕ್ಕ ಹೇಳಿದ್ದಕ್ಕೆ ನಾನೇ ಸಾಕ್ಷಿ. ನನ್ನ ಕಥೆ ಚಿಕ್ಕದಾಗಿ ಹೇಳುತ್ತೇನೆ, ದೊಡ್ಡದಾಗಿ ಹೇಳಿದರೆ ಅಳು ಬರುತ್ತದೆ.

ಒಂದೇ ಕಾಲಿನಲ್ಲಿದ್ದ ನೋವು ಒಂದು ಶನಿವಾರ ಎರಡೂ ಕಾಲಿಗೆ ಬಂತು. ಸಂಜೆ ಹೊತ್ತಿಗೆ ಕೆಳಗೆ ಮರಗಟ್ಟಿತು. ರಾತ್ರಿ ಮೂತ್ರ ಬರಲಿಲ್ಲ. ನೋವಿನ ಮಾತ್ರೆಯಿಂದ ಹೀಗಾಗಿರಬೇಕು ಎಂದು ಮಲಗಿದೆ. ಭಾನುವಾರ ಒಂದು ಆಸ್ಪತ್ರೆಗೆ ಹೋದರೆ ಸೋಮವಾರ ಬನ್ನಿ ಎಂದರು. ಸೋಮವಾರ ಇನ್ನೊಂದು ಕಡೆ ಹೊಟ್ಟೆ ಸ್ಕ್ಯಾನ್ ಮಾಡಿದಾಗ ಮೂತ್ರಕೋಶ ತುಂಬಿ ನಿಂತಿತ್ತು, ನನಗೆ ಅದರ ಅರಿವೇ ಇರಲಿಲ್ಲ. ಅದೇ ರಾತ್ರಿ ಆಪರೇಷನ್ ಆಯಿತು.

ಬೆನ್ನುಹುರಿ ಮುಗಿದ ಮೇಲೆ ಕೆಳಗೆ ನರಗಳು ಕುದುರೆ ಬಾಲದ ಹಾಗೆ ಗೊಂಚಲಾಗಿ ಇಳಿಯುತ್ತವೆ. ದೊಡ್ಡ ತುಂಡು ಮಧ್ಯಕ್ಕೆ ಬಂದು ಇಡೀ ಗೊಂಚಲನ್ನೇ ಅಮುಕಿದರೆ ಹೀಗಾಗುತ್ತದೆ. ಕಾಡಾ ಇಕ್ವೈನಾ ಎನ್ನುತ್ತಾರೆ. ಅಪರೂಪ. ಆದರೆ ಬಂದರೆ ಗಂಟೆಗಳ ಲೆಕ್ಕ. ನನ್ನ ಕಾಲು ಈಗ ಸರಿ ಇದೆ. ಮೂತ್ರಕ್ಕೆ ಇವತ್ತಿಗೂ ದಿನಕ್ಕೆ ನಾಲ್ಕು ಸಲ ನಳಿಕೆ ಹಾಕಿಕೊಳ್ಳುತ್ತೇನೆ.

ಕತ್ತಿ ಬೇಡ ಅಣ್ಣ, ನಿಮ್ಮ ಮೇಲೆ ಕೋಪವಿಲ್ಲ. ಕಾಯಿರಿ ಎಂದು ಬರೆಯುವಾಗ ಯಾರು ಕಾಯಬಾರದು ಎಂದೂ ಬರೆಯಿರಿ, ಅಷ್ಟೇ.

ಕತ್ತಿ ಬೇಡ

ತಂಗಿ, ತಪ್ಪಾಯಿತು. ಇನ್ನು ಮುಂದೆ ಬರೆಯುತ್ತೇನೆ.

ಥಿಯೇಟರ್ ಸಿಸ್ಟರ್

ಹನ್ನೆರಡು ವರ್ಷ ಈ ಆಪರೇಷನ್‌ಗಳಿಗೆ ಉಪಕರಣ ಕೈಗಿತ್ತವಳು ನಾನು. ಒಳಗೆ ಏನಾಗುತ್ತದೆ ಎಂದು ಹೇಳಿಬಿಡುತ್ತೇನೆ, ಹೆದರಿಕೆ ಅರ್ಧ ಇಳಿಯುತ್ತದೆ.

ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ. ಆಮೇಲೆ ಬೋರಲು ಮಲಗಿಸುತ್ತೇವೆ, ಹೊಟ್ಟೆ ಗಾಳಿಯಲ್ಲಿ ತೂಗುವ ಹಾಗೆ ಚೌಕಟ್ಟಿನ ಮೇಲೆ. ಹೊಟ್ಟೆ ಅಮುಕಿದರೆ ಬೆನ್ನಿನೊಳಗಿನ ರಕ್ತನಾಳ ಉಬ್ಬುತ್ತವೆ, ರಕ್ತ ಜಾಸ್ತಿ ಬರುತ್ತದೆ, ಡಾಕ್ಟರಿಗೆ ಕಾಣುವುದಿಲ್ಲ. ಈ ಮಲಗಿಸುವ ಕೆಲಸಕ್ಕೇ ನಾವು ಇಡೀ ತಂಡ ಸೇರುತ್ತೇವೆ. ಕಣ್ಣು, ಮೊಣಕೈ, ಮೊಣಕಾಲು ಎಲ್ಲಕ್ಕೂ ಮೆತ್ತೆ.

ಮುಂದಿನದು ನನಗೆ ಎಲ್ಲಕ್ಕಿಂತ ಮುಖ್ಯ. ಎಕ್ಸ್‌ರೇ. ಹೊರಗಿನಿಂದ ಮುಟ್ಟಿ ಮಹಡಿ ಎಣಿಸಿದರೆ ತಪ್ಪಬಹುದು. ಕೆಲವರಿಗೆ ಕೊನೆಯ ಮಣಿ ತ್ರಿಕಾಸ್ಥಿಗೆ ಅಂಟಿಕೊಂಡಿರುತ್ತದೆ, ಎಣಿಕೆಯೇ ಗೊಂದಲ. ಅದಕ್ಕೆ ಸೂಜಿ ಇಟ್ಟು ಎಕ್ಸ್‌ರೇ ತೆಗೆದು, ಎಂಆರ್‌ಐ ಪಕ್ಕದಲ್ಲಿಟ್ಟು, ಇದೇ ಮಹಡಿ ಎಂದು ಖಚಿತ ಮಾಡಿಕೊಳ್ಳಬೇಕು. ಒಳ್ಳೆಯ ಡಾಕ್ಟರು ಎರಡು ಸಲ ನೋಡುತ್ತಾರೆ.

ಆಮೇಲೆ ಎರಡು, ಮೂರು ಸೆಂಟಿಮೀಟರ್ ಕೊಯ್ಯುತ್ತಾರೆ. ಸ್ನಾಯುವನ್ನು ಪಕ್ಕಕ್ಕೆ ಸರಿಸಿ, ಮೂಳೆಯ ಅಂಚನ್ನು ಬೇಕಿದ್ದರೆ ಚೂರೇ ಚೂರು ಕಚ್ಚಿ ತೆಗೆದು, ಹಳದಿ ಬಣ್ಣದ ಒಂದು ಪೊರೆ ತೆರೆಯುತ್ತಾರೆ. ಮೈಕ್ರೋಸ್ಕೋಪಿನಲ್ಲಿ ನರ ಕಾಣುತ್ತದೆ. ಒತ್ತಡಕ್ಕೆ ಸಿಕ್ಕ ನರ ಕೆಂಪಗೆ, ಊದಿಕೊಂಡು ಬಿಗಿಯಾಗಿರುತ್ತದೆ. ಅದನ್ನು ಹಗೂರಕ್ಕೆ ಪಕ್ಕಕ್ಕೆ ಹಿಡಿದು, ಸಣ್ಣ ಇಕ್ಕಳದಿಂದ ತುಂಡು ಎಳೆಯುತ್ತಾರೆ. ಬೇಯಿಸಿದ ಸೀಗಡಿಯ ಹಾಗೆ ಬೆಳ್ಳಗೆ ರಬ್ಬರಿನಂತೆ ಬರುತ್ತದೆ. ನರ ಸಡಿಲವಾಗಿ ಅಲ್ಲಾಡತೊಡಗಿದರೆ ಕೆಲಸ ಆಯಿತು. ಹೆಚ್ಚಿನವು ಒಂದು ಗಂಟೆಯ ಆಜುಬಾಜು ಮುಗಿಯುತ್ತವೆ.

ತೊಂದರೆಗಳನ್ನೂ ಹೇಳಬೇಕು. ನರದ ಸುತ್ತಲಿನ ಚೀಲ ಹರಿದು ನೀರು ಸೋರಬಹುದು. ನೂರರಲ್ಲಿ ಕೆಲವರಿಗೆ ಆಗುತ್ತದೆ. ಅಲ್ಲೇ ಹೊಲಿಯುತ್ತಾರೆ ಅಥವಾ ಅಂಟು ಹಾಕಿ ಮುಚ್ಚುತ್ತಾರೆ, ಕೆಲವರನ್ನು ಒಂದೆರಡು ದಿನ ಅಂಗಾತ ಮಲಗಿಸುತ್ತಾರೆ. ಸೋಂಕು ಅದಕ್ಕಿಂತ ಕಡಿಮೆ. ನರಕ್ಕೇ ಪೆಟ್ಟಾಗುವುದು ಅಪರೂಪ, ಆದರೆ ಸೊನ್ನೆ ಅಲ್ಲ.

ಪುಸ್ತಕದ ಹುಳು

ಸಿಸ್ಟರ್ ಬರೆದದ್ದು ಓದಿ ಇತಿಹಾಸ ನೆನಪಾಯಿತು. ಬಿಡುವಿದ್ದವರು ಓದಿ, ಇಲ್ಲದವರು ಮುಂದೆ ಹೋಗಿ. 1930ರವರೆಗೆ ಇಂಥ ತುಂಡು ಸಿಕ್ಕರೆ ಅದನ್ನು ಮೃದ್ವಸ್ಥಿಯ ಗೆಡ್ಡೆ ಎಂದೇ ತಿಳಿಯುತ್ತಿದ್ದರು. ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಡಾಕ್ಟರು ಹಳೆಯ 'ಗೆಡ್ಡೆ'ಗಳನ್ನು ಮತ್ತೆ ತೆಗೆದು ನೋಡಿ, ಇವು ಡಿಸ್ಕ್‌ನದೇ ಚೂರು ಎಂದು 1934ರಲ್ಲಿ ಬರೆದರು. ಕಾಲುನೋವಿಗೆ ಕಾರಣ ಸಿಕ್ಕಿತು. ಮೈಕ್ರೋಸ್ಕೋಪ್ ಬಂದದ್ದು 1970ರ ದಶಕದಲ್ಲಿ. 1977ರಲ್ಲಿ ಯಾಸರ್ಗಿಲ್, ಕ್ಯಾಸ್ಪರ್ ಇಬ್ಬರೂ ಬೇರೆ ಬೇರೆಯಾಗಿ ಅದರ ಬಗ್ಗೆ ಬರೆದರು. ಮಧ್ಯದಲ್ಲಿ ಪರಂಗಿ ಹಾಲಿನಿಂದ ತೆಗೆದ ಕೈಮೋಪಪೈನ್ ಎಂಬ ಕಿಣ್ವವನ್ನು ಡಿಸ್ಕ್‌ಗೆ ಚುಚ್ಚಿ ತಿರುಳು ಕರಗಿಸುವ ಕಾಲವೂ ಇತ್ತು. ಅದು ಕೆಲಸ ಮಾಡುತ್ತಿತ್ತು. ಆದರೆ ಕೆಲವರಿಗೆ ತೀವ್ರ ಅಲರ್ಜಿ ಆಗಿ ಜೀವಕ್ಕೇ ಬಂತು. ನಿಧಾನಕ್ಕೆ ಮರೆಯಾಯಿತು.

ನಿದ್ದೆಗೆಟ್ಟವ

ಎಲ್ಲರಿಗೂ ಧನ್ಯವಾದ. ಹುಳು ಅವರೇ, ನನ್ನ ಬೆನ್ನು ಇತಿಹಾಸದ ಪಾಠ ಕೇಳುವಷ್ಟು ಹೊತ್ತು ಕೂರುವುದಿಲ್ಲ, ನಿಂತು ಓದಿದೆ.

ಒಬ್ಬರು ಎಂಡೋಸ್ಕೋಪ್‌ನಲ್ಲಿ ತೂತು ಮಾಡಿ ತೆಗೆಯುತ್ತೇವೆ, ಹೊಲಿಗೆ ಒಂದೇ ಎನ್ನುತ್ತಿದ್ದಾರೆ. ಇನ್ನೊಂದು ಕಡೆ ಲೇಸರ್ ಎಂದರು. ಮತ್ತೊಬ್ಬರು ರಾಡು, ಸ್ಕ್ರೂ ಹಾಕಿಸಿಬಿಡಿ, ಮತ್ತೆ ಜಾರುವುದಿಲ್ಲ ಎಂದರು. ಯಾವುದು?

ಥಿಯೇಟರ್ ಸಿಸ್ಟರ್

ಸ್ಕ್ರೂ ವಿಷಯ ಮೊದಲು. ಮೊದಲ ಸಲದ, ಒಂದೇ ಮಹಡಿಯ ಡಿಸ್ಕ್, ಮುಖ್ಯವಾಗಿ ಕಾಲುನೋವು, ಮಣಿಗಳು ಅಲುಗಾಡುತ್ತಿಲ್ಲ. ಇದಕ್ಕೆ ಸ್ಕ್ರೂ ಯಾಕೆ ಎಂದು ಅವರನ್ನೇ ಕೇಳಿ. ಮಣಿ ಮಣಿಯ ಮೇಲೆ ಜಾರಿದ್ದರೆ, ಅಥವಾ ಎರಡು ಮೂರು ಸಲ ಮರುಕಳಿಸಿದ್ದರೆ ಆ ಮಾತು ಬೇರೆ. ಎರಡು ಮಣಿ ಬೆಸೆದರೆ ಆ ಜಾಗ ಬಾಗುವುದು ನಿಲ್ಲುತ್ತದೆ, ಅದರ ಭಾರ ಅಕ್ಕಪಕ್ಕದ ಡಿಸ್ಕ್‌ಗಳ ಮೇಲೆ ಬೀಳುತ್ತದೆ.

ಎಂಡೋಸ್ಕೋಪ್ ಒಳ್ಳೆಯದೇ. ಆದರೆ ಕೈ ಪಳಗಲು ತುಂಬಾ ಸಮಯ ಬೇಕು. ತೂತು ಎಷ್ಟು ಚಿಕ್ಕದು ಎಂದು ಕೇಳಬೇಡಿ. ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಕೇಳಿ.

ಪುಸ್ತಕದ ಹುಳು

ಎಂಡೋಸ್ಕೋಪ್ ಬಗ್ಗೆ 2022ರಲ್ಲಿ ನೆದರ್‌ಲ್ಯಾಂಡ್ಸ್‌ನಿಂದಲೇ 613 ಜನರ ಅಧ್ಯಯನ ಬಂದಿದೆ. ವರ್ಷದ ಬಳಿಕ ಕಾಲುನೋವಿನಲ್ಲಿ ಅದು ಮೈಕ್ರೋ ಆಪರೇಷನ್‌ಗೆ ಕಡಿಮೆಯಿಲ್ಲ ಎಂದಾಯಿತು. ಎಂದರೆ ಎರಡರಲ್ಲಿ ಯಾವುದಾದರೂ ಸರಿ. ಲೇಸರ್ ಮಾತ್ರ ಬೇರೆ ಜಾತಿ. ಅದು ಡಿಸ್ಕ್‌ನ ಒಳಗಿನ ತಿರುಳನ್ನು ಸ್ವಲ್ಪ ಸುಟ್ಟು ಒತ್ತಡ ಇಳಿಸುವ ಉಪಾಯ. ನಿಮ್ಮದು ಹರಿದು ಹೊರಗೆ ಬಂದಿದೆ. ಹಾಲು ಉಕ್ಕಿ ನೆಲದ ಮೇಲೆ ಬಿದ್ದ ಮೇಲೆ ಉರಿ ಸಣ್ಣ ಮಾಡಿದರೆ ನೆಲ ಒರೆಸಿದಂತಾಗುತ್ತದಾ?

ಎರಡು ಹೊಲಿಗೆ

ಯಾರೂ ಹೇಳದ್ದನ್ನು ನಾನು ಹೇಳಬೇಕಾಯಿತು. ಮರುಕಳಿಸುವುದು. ನೂರರಲ್ಲಿ 5ರಿಂದ 15 ಜನರಿಗೆ ಅದೇ ಜಾಗದಿಂದ ಮತ್ತೆ ಬರುತ್ತದೆ ಎನ್ನುತ್ತಾರೆ. ಆ 5ರಿಂದ 15ರಲ್ಲಿ ನಾನೊಬ್ಬ.

ಮೊದಲ ಆಪರೇಷನ್ ಚೆನ್ನಾಗಿ ಆಯಿತು. ಎಂಟನೇ ತಿಂಗಳು ಕಾರಿನ ಹಿಂದಿನ ಸೀಟಿನಿಂದ ಚೀಲ ತೆಗೆಯಲು ತಿರುಚಿದೆ. ಅದೇ ಕಾಲು, ಅದೇ ದಾರಿ. ಈ ಸಲ ಬಣ್ಣದ ಇಂಜೆಕ್ಷನ್ ಕೊಟ್ಟು ಎಂಆರ್‌ಐ ಮಾಡಿದರು. ಹಳೆಯ ಗಾಯದ ಕಲೆಗೆ ಬಣ್ಣ ಹಿಡಿಯುತ್ತದೆ, ಹೊಸದಾಗಿ ಬಂದ ತುಂಡಿಗೆ ಹಿಡಿಯುವುದಿಲ್ಲ. ಹಾಗೆ ಗೊತ್ತಾಗುತ್ತದಂತೆ. ಎರಡನೇ ಸಲ ಕಷ್ಟ ಜಾಸ್ತಿ. ಗಾಯದ ಕಲೆ ನರಕ್ಕೆ ಅಂಟಿರುತ್ತದೆ, ಬಿಡಿಸಿಕೊಂಡು ಹೋಗಬೇಕು.

ಉಂಗುರದ ತೂತು ದೊಡ್ಡದಿದ್ದವರಿಗೆ ಮರುಕಳಿಸುವುದು ಜಾಸ್ತಿ ಎಂದು ಡಾಕ್ಟರು ಹೇಳಿದರು. ಮೊದಲೇ ಎಲ್ಲ ತಿರುಳು ಕೆರೆದು ತೆಗೆದಿದ್ದರೆ ಆಗುತ್ತಿರಲಿಲ್ಲವಾ ಎಂದು ಜಗಳ ಆಡಿದೆ. ಹಾಗೆ ಕೆರೆದರೆ ಮರುಕಳಿಸುವುದು ಕಡಿಮೆ, ಆದರೆ ಆಮೇಲೆ ಸೊಂಟನೋವು ಜಾಸ್ತಿ ಎಂದರು. ಒಂದು ಕೊಟ್ಟು ಒಂದು ತೆಗೆದುಕೊಳ್ಳುವ ವ್ಯವಹಾರ. ಸಿಗರೇಟು ಮಾತ್ರ ಬಿಟ್ಟೆ. ಅದು ಡಿಸ್ಕ್‌ಗೂ ಕೆಟ್ಟದ್ದು, ಮರುಕಳಿಸುವುದಕ್ಕೂ ಕಾರಣ ಎಂದು ಮೊದಲ ಸಲವೇ ಹೇಳಿದ್ದರು, ನಾನು ಕೇಳಿರಲಿಲ್ಲ.

ನಿದ್ದೆಗೆಟ್ಟವ

ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ತುದಿಗಾಲಿನ ವಿಷಯ ಹೇಳಿದ ಮೇಲೆ ಕಾಯಿರಿ ಎಂದ ಡಾಕ್ಟರೂ ಮಾತು ಬದಲಿಸಿದರು. ಅವರು ಮೊದಲ ಸಲ ನೋಡಿದಾಗ ಬಲ ಇತ್ತಂತೆ, ಚೀಟಿಯಲ್ಲಿ ಬರೆದಿಟ್ಟಿದ್ದರು. ಅಂದರೆ ಇಳಿದಿದೆ. ಸ್ಕ್ರೂ ಇಲ್ಲ, ಲೇಸರ್ ಇಲ್ಲ. ಮೈಕ್ರೋಸ್ಕೋಪಿನಲ್ಲಿ ತುಂಡು ತೆಗೆಯುವುದು ಅಷ್ಟೇ.

ಆಯಿತು. ನಿನ್ನೆ ಬೆಳಿಗ್ಗೆ.

ಎಚ್ಚರವಾದಾಗ ಮೊದಲು ಮಾಡಿದ್ದು ಕಾಲು ಹುಡುಕಿದ್ದು. ಇತ್ತು. ತಂತಿ ಇರಲಿಲ್ಲ. ಸಂಜೆ ನಡೆಸಿದರು. ಇವತ್ತು ಮನೆಗೆ ಕಳಿಸುತ್ತಾರೆ. ರಾತ್ರಿ ಐದು ಗಂಟೆ ನಿದ್ದೆ ಮಾಡಿದೆ. ನನ್ನ ಹೆಸರು ಬದಲಿಸಬೇಕು.

ಕೊಯ್ಸಿಕೊಂಡವ

ಭೇಷ್! ಈಗ ಎರಡು ಮಾತು ಕೇಳಿ. ಹಾಸಿಗೆಯಿಂದ ನೇರ ಏಳಬೇಡಿ. ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ. ಮತ್ತೆ ನೋವಿನ ಮಾತ್ರೆಗಳಿಂದ ಮಲಬದ್ಧತೆ ಆಗುತ್ತದೆ. ತಿಣುಕುವ ಹಾಗಾಗುವ ಮೊದಲೇ ಔಷಧಿ ಕೇಳಿ ತೆಗೆದುಕೊಳ್ಳಿ. ನಾನು ಮೂರನೇ ದಿನ ಕಣ್ಣೀರು ಹಾಕಿದ್ದು ಬೆನ್ನಿಗಲ್ಲ.

ನಿದ್ದೆಗೆಟ್ಟವ

ಆರನೇ ದಿನ. ಮತ್ತೆ ಬಂತು. ಮೀನಖಂಡದಲ್ಲಿ ಅದೇ ಸೆಳೆತ, ಪಾದದಲ್ಲಿ ಜೋಮು. ರಾತ್ರಿ ಎರಡು ಗಂಟೆ ಈಗ. ಹಾಳಾಯಿತಾ?

ಥಿಯೇಟರ್ ಸಿಸ್ಟರ್

ಎಚ್ಚರವಿದ್ದೇನೆ, ನೈಟ್ ಡ್ಯೂಟಿ. ಮೊದಲಿನಷ್ಟೇ ಜೋರಾ, ಕಡಿಮೆಯಾ? ಜ್ವರ, ಗಾಯದಿಂದ ನೀರು, ಎದ್ದು ಕೂತರೆ ತಲೆನೋವು, ಮೂತ್ರದ ತೊಂದರೆ, ಬಲ ಇನ್ನೂ ಇಳಿದದ್ದು, ಇವುಗಳಲ್ಲಿ ಏನಾದರೂ ಇದ್ದರೆ ಈಗಲೇ ಆಸ್ಪತ್ರೆಗೆ ಫೋನ್ ಮಾಡಿ. ಯಾವುದೂ ಇಲ್ಲದಿದ್ದರೆ ಬಹಳಷ್ಟು ಜನರಿಗೆ ಮೊದಲ ಒಂದೆರಡು ವಾರದಲ್ಲಿ ಹೀಗಾಗುತ್ತದೆ. ಮುಟ್ಟಿ ಎಳೆದ ನರ ಊದಿಕೊಳ್ಳುತ್ತದೆ. ಬೆಳಿಗ್ಗೆ ಡಾಕ್ಟರಿಗೆ ತಿಳಿಸಿ.

ನಿದ್ದೆಗೆಟ್ಟವ

ಯಾವುದೂ ಇಲ್ಲ. ನೋವು ಮೊದಲಿನದಕ್ಕೆ ಹತ್ತಕ್ಕೆ ಮೂರು. ಬೆಳಿಗ್ಗೆ ಹೇಳುತ್ತೇನೆ. ಧನ್ಯವಾದ ಸಿಸ್ಟರ್.

ಫಿಸಿಯೋ ಅಕ್ಕ

ಈಗ ನಿಮ್ಮ ಕೆಲಸ ನಡೆಯುವುದು. ದಿನಕ್ಕೆ ಹಲವು ಸಲ, ಸ್ವಲ್ಪ ಸ್ವಲ್ಪ. ಬಗ್ಗುವುದು, ಭಾರ, ತಿರುಚುವುದು ಎಷ್ಟು ವಾರ ಬೇಡ ಎಂಬುದರಲ್ಲಿ ಡಾಕ್ಟರಿಂದ ಡಾಕ್ಟರಿಗೆ ವ್ಯತ್ಯಾಸ ಇದೆ, ನಿಮ್ಮವರು ಹೇಳಿದ್ದನ್ನು ಪಾಲಿಸಿ. ಆದರೆ ಹಾಸಿಗೆ ಹಿಡಿಯಬೇಡಿ. ಜೋಮು ಕೊನೆಗೆ ಹೋಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದೇಬಿಡುತ್ತದೆ. ನರ ಬೆಳೆಯುವುದು ದಿನಕ್ಕೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ. ಸೊಂಟದಿಂದ ಪಾದಕ್ಕೆ ಎಷ್ಟು ದೂರ, ನೀವೇ ಅಳೆದುಕೊಳ್ಳಿ.

ನಿದ್ದೆಗೆಟ್ಟವ

ಏಳನೇ ವಾರ. ಸೆಳೆತ ಹತ್ತನೇ ದಿನಕ್ಕೇ ಹೋಯಿತು. ಕಿರುಬೆರಳು ಇನ್ನೂ ಯಾರದೋ ಬೆರಳಿನ ಹಾಗಿದೆ. ಸಂಜೆ ಸೊಂಟ ಬಿಗಿಯುತ್ತದೆ, ಕೊಯ್ಸಿಕೊಂಡವರು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಶೂ ಲೇಸ್ ಇಲ್ಲದ್ದು ತೆಗೆದುಕೊಂಡೆ.

ತುದಿಗಾಲು: ಎಡ 22. ಬಲ 4.

ಫಿಸಿಯೋ ಅಕ್ಕ

ನಾಲ್ಕೂ ಪೂರ್ತಿ ಎತ್ತರಕ್ಕಾ? ಗೋಡೆಗೆ ಒರಗಿ ಮೋಸ ಮಾಡಿಲ್ಲ ತಾನೇ?

ನಿದ್ದೆಗೆಟ್ಟವ

ಮೂರು ಪೂರ್ತಿ. ನಾಲ್ಕನೆಯದು ಸ್ವಲ್ಪ ಮೋಸ.

ಫಿಸಿಯೋ ಅಕ್ಕ

ಹಾಗಾದರೆ ಮೂರು ಎಂದು ಬರೆದುಕೊಳ್ಳಿ. ಮುಂದಿನ ತಿಂಗಳು ಮತ್ತೆ ಎಣಿಸೋಣ.